ಗಿಫ್ಟ್ ಕಾರ್ಡಿನ ನೂರು, ನಗದಿನ ನೂರು: ಲೆಕ್ಕ ಹಾಕುವುದು ಹೇಗೆ

ಗಿಫ್ಟ್ ಕಾರ್ಡಿನ ಮೇಲೆ 100 ಎಂದು ಬರೆದಿದ್ದರೆ ಅದರ ಬೆಲೆ 100 ಅಲ್ಲ. ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮಿಕ್ಕಿದ್ದೆಲ್ಲ ಸುಲಭ. ಆ 100 ಒಂದು ಅಂಗಡಿಯೊಳಗೆ ಮಾತ್ರ 100. ಅದೂ ಒಂದು ತಾರೀಖಿನವರೆಗೆ, ಅದೂ ಆ ಅಂಗಡಿ ನಡೆಯುತ್ತಿರುವವರೆಗೆ. ಹೊರಗೆ ಬಂದರೆ ಅದು ಎಷ್ಟು ಬಾಳುತ್ತದೆ ಅನ್ನುವುದನ್ನು ನೀವೇ ಲೆಕ್ಕ ಹಾಕಬೇಕು. ರಿವಾರ್ಡ್ ಪಾಯಿಂಟು, ವಿಮಾನ ಕಂಪನಿಗಳು ಪಾಯಿಂಟಿನ ಹಾಗೆ ಕೊಡುವ ಮೈಲು, ಆ್ಯಪಿನೊಳಗಿನ ಕ್ಯಾಶ್‌ಬ್ಯಾಕು, ಒಂದೊಂದು ಊರಿನವರು ತಾವೇ ಅಚ್ಚು ಹಾಕಿಕೊಳ್ಳುವ ನೋಟು, ಕ್ರಿಪ್ಟೊ, ಎಲ್ಲಕ್ಕೂ ಇದೇ ಮಾತು. ಈ ಲೆಕ್ಕ ಹಾಕುವುದು ಹೇಗೆ, ಇಂಥದ್ದು ಕೈಗೆ ಬಂದರೆ ಏನು ಮಾಡಬೇಕು, ಯಾವಾಗ ಬೇಡ ಅನ್ನಬೇಕು, ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಗದು ಏನು ಮಾಡುತ್ತದೆ ನೋಡಿ. ನೋಟು ಕೊಟ್ಟಿರಿ, ವ್ಯವಹಾರ ಅಲ್ಲಿಗೆ ಮುಗಿಯಿತು. ಯಾರ ಒಪ್ಪಿಗೆಯೂ ಬೇಡ, ಪಿನ್ ಬೇಡ, ನೆಟ್‌ವರ್ಕ್ ಬೇಡ, ಕರೆಂಟ್ ಹೋದರೂ ನಡೆಯುತ್ತದೆ. ನೀವು ಏನು ಕೊಂಡಿರಿ ಅಂತ ಮೂರನೆಯವರು ಬರೆದಿಟ್ಟುಕೊಳ್ಳುವುದಿಲ್ಲ. ಒಂದು ಅಂಗಡಿಯಲ್ಲಿ ಉಳಿದ ಚಿಲ್ಲರೆ ಪಕ್ಕದ ಅಂಗಡಿಯಲ್ಲೂ ನಡೆಯುತ್ತದೆ. ನಗದೂ ಒಂದು ಮಾತೇ, ದೇಶದ ಕೇಂದ್ರ ಬ್ಯಾಂಕ್ ಕೊಟ್ಟ ಮಾತು. ಆದರೆ ಆ ಮಾತಿನ ಹಿಂದೆ ಇಡೀ ಸರ್ಕಾರ ಇದೆ, ತೆರಿಗೆಯನ್ನು ಅದೇ ಹಣದಲ್ಲಿ ಕಟ್ಟಿಸಿಕೊಳ್ಳುತ್ತದೆ, ಹಾಗಾಗಿ ಎಲ್ಲರಿಗೂ ಅದು ಬೇಕೇ ಬೇಕು. ನಗದಿಗೂ ದೋಷಗಳಿವೆ. ಕಳೆದರೆ ಕಳೆದಂತೆಯೇ. ಸುಮ್ನೆ ಇಟ್ಟರೆ ಹಣದುಬ್ಬರ ತಿನ್ನುತ್ತದೆ. ಸರ್ಕಾರವೇ ನೋಟು ಹಿಂದಕ್ಕೆ ಪಡೆಯುವುದೂ ಉಂಟು, 2016ರ ನವೆಂಬರಿನಲ್ಲಿ ಭಾರತದಲ್ಲಿ ಆದ ಹಾಗೆ. ಇಷ್ಟಿದ್ದರೂ ಬೇರೆ ಎಲ್ಲವನ್ನೂ ಅಳೆಯಬೇಕಾದ್ದು ನಗದಿನ ಎದುರಿಗೇ.

ಯಾವ ಕಾರ್ಡು, ಯಾವ ಪಾಯಿಂಟು, ಯಾವ ನಾಣ್ಯ ಎದುರಿಗೆ ಬಂದರೂ ನಾನು ಕೇಳುವ ಪ್ರಶ್ನೆಗಳು ಇವು. ಇದು ಯಾರು ಕೊಟ್ಟ ಮಾತು? ಎಲ್ಲೆಲ್ಲಿ ನಡೆಯುತ್ತದೆ? ಎಲ್ಲಿಯವರೆಗೆ? ಬೇಕಾದಾಗ ಮತ್ತೆ ನಗದಾಗುತ್ತದೆಯೇ, ಆಗುವಾಗ ಎಷ್ಟು ಕಡಿಮೆಯಾಗುತ್ತದೆ? ಮಾತು ಕೊಟ್ಟವರೇ ಮುಳುಗಿದರೆ ನನ್ನ ಹಣ ಎಲ್ಲಿ? ಇವುಗಳಲ್ಲಿ ನಾಲ್ಕನೆಯದನ್ನು ಜನ ಕೇಳುವುದೇ ಇಲ್ಲ. ಒಳಗೆ ಹಾಕುವುದು ಎಲ್ಲ ಕಡೆಯೂ ಸುಲಭ, ಒಂದು ಬಟನ್ ಒತ್ತಿದರೆ ಆಯಿತು. ಹೊರಗೆ ತೆಗೆಯುವ ದಾರಿಯನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ನಿಜವಾದ ಬೆಲೆ ಕಟ್ಟುವುದು

ಲೆಕ್ಕ ಸರಳ. ಈ ಕಾರ್ಡನ್ನು ಯಾರೋ ನಿಮಗೆ ಮಾರಲು ಬಂದಿದ್ದಾರೆ ಅಂದುಕೊಳ್ಳಿ, ಎಷ್ಟು ನಗದು ಕೊಟ್ಟು ಕೊಳ್ಳುತ್ತೀರಿ? ಅದೇ ಅದರ ಬೆಲೆ. ಹೇಗಿದ್ದರೂ ತಿಂಗಳು ತಿಂಗಳು ಹೋಗುವ ಅಂಗಡಿಯದಾದರೆ 95 ಕೊಡಬಹುದು. ಅಪರೂಪಕ್ಕೆ ಹೋಗುವ ಕಡೆಯದಾದರೆ 70. ಕಾಲಿಡದ ಅಂಗಡಿಯದಾದರೆ ಅದನ್ನು ಎಷ್ಟಕ್ಕೆ ಮಾರಬಹುದೋ ಅಷ್ಟೇ. ಈ ವ್ಯತ್ಯಾಸ ಕಲ್ಪನೆಯದಲ್ಲ. ಉಡುಗೊರೆ ಪಡೆದವರು ಅದಕ್ಕೆ ಕಟ್ಟುವ ಬೆಲೆಯನ್ನು, ಕೊಟ್ಟವರು ಖರ್ಚು ಮಾಡಿದ ಹಣದೊಂದಿಗೆ ಹೋಲಿಸಿ ಜೋಯಲ್ ವಾಲ್ಡ್‌ಫೋಗೆಲ್ ಎಂಬ ಅರ್ಥಶಾಸ್ತ್ರಜ್ಞ 1993ರಲ್ಲಿ ಬರೆದಿದ್ದರು. ಅವರ ಅಂದಾಜಿನಲ್ಲಿ ಹತ್ತನೇ ಒಂದು ಭಾಗದಿಂದ ಮೂರನೇ ಒಂದು ಭಾಗದವರೆಗೆ ಬೆಲೆ ನಡುವೆಯೇ ಕರಗಿಹೋಗುತ್ತಿತ್ತು.

ಕೊಳ್ಳುವಾಗಲೂ ಇದೇ ಲೆಕ್ಕ. 100ರ ಕಾರ್ಡು 90ಕ್ಕೆ ಸಿಗುತ್ತಿದೆ, ಆ ಅಂಗಡಿಯಲ್ಲಿ ಈ ವಾರವೇ 100ರ ಸಾಮಾನು ಕೊಳ್ಳುವುದಿದೆ ಅಂದರೆ ತೆಗೆದುಕೊಳ್ಳಿ, ಹತ್ತು ಉಳಿಯಿತು. ರಿಯಾಯಿತಿ ಇದೆ ಅಂತ ಮುಂದೆಂದಾದರೂ ಬೇಕಾದೀತು ಎಂದು ಕೊಂಡಿಟ್ಟರೆ, ನೀವು ಆ ಅಂಗಡಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಿದ್ದೀರಿ. ಇದು ಉತ್ಪ್ರೇಕ್ಷೆ ಅಲ್ಲ, ಕಂಪನಿಗಳ ಲೆಕ್ಕಪತ್ರದಲ್ಲಿ ಬಳಸದ ಕಾರ್ಡಿನ ಹಣ ಸಾಲದ ಕಡೆಯೇ ಕೂರುತ್ತದೆ. ಅದರಲ್ಲಿ ಯಾರೂ ಕೇಳಿ ಬರಲಾರದ ಒಂದು ಪಾಲನ್ನು ಅಂದಾಜು ಮಾಡಿ ಆದಾಯಕ್ಕೆ ಸೇರಿಸಿಕೊಳ್ಳುತ್ತಾರೆ. ಇದಕ್ಕೆ ಅವರು ಬ್ರೇಕೇಜ್ ಅನ್ನುತ್ತಾರೆ. ನೀವು ಡ್ರಾಯರಿನಲ್ಲಿ ಮರೆತ ಕಾರ್ಡು ಅವರ ಲಾಭದ ಸಾಲಿನಲ್ಲಿ ಇದೆ ಅಂತ ತಿಳಿದರೆ ಇವತ್ತೇ ಹುಡುಕಿ ತೆಗೆಯುತ್ತೀರಿ, ಅಲ್ವಾ?

ಕಾರ್ಡು ಕೈಗೆ ಬಂದ ದಿನ

ಗಿಫ್ಟ್ ಕಾರ್ಡುಗಳಲ್ಲಿ ಎರಡು ಬಗೆ. ಒಂದು ಅಂಗಡಿಯದೇ ಸ್ವಂತ ಕಾರ್ಡು, ಅಲ್ಲಿ ಬಿಟ್ಟರೆ ಬೇರೆಲ್ಲೂ ನಡೆಯುವುದಿಲ್ಲ. ಇನ್ನೊಂದು ವೀಸಾ, ಮಾಸ್ಟರ್‌ಕಾರ್ಡ್, ರುಪೇ ಮುದ್ರೆ ಇರುವ ಪ್ರೀಪೇಡ್ ಕಾರ್ಡು, ಆ ಜಾಲ ಇರುವ ಬಹುತೇಕ ಕಡೆ ನಡೆಯುತ್ತದೆ. ಎರಡನೆಯದು ನಗದಿಗೆ ಹತ್ತಿರ ಅನಿಸುತ್ತದೆ. ಆದರೆ ಅದನ್ನು ಕೊಳ್ಳುವಾಗ ಸಾಮಾನ್ಯವಾಗಿ ಮೇಲೊಂದು ಶುಲ್ಕ ಇರುತ್ತದೆ. 100ರ ಕಾರ್ಡಿಗೆ 106 ಕೊಟ್ಟಿರಿ ಅಂದರೆ ನಗದಿಗಿಂತ ಕಡಿಮೆ ಕೆಲಸ ಮಾಡುವ ವಸ್ತುವಿಗೆ ನಗದಿಗಿಂತ ಜಾಸ್ತಿ ಕೊಟ್ಟ ಹಾಗಾಯಿತು. ಇಂಥದ್ದನ್ನು ನಾನಂತೂ ಯಾರಿಗೂ ಶಿಫಾರಸು ಮಾಡುವುದಿಲ್ಲ.

ಕೈಗೆ ಬಂದ ಕೂಡಲೇ ಕಾರ್ಡಿನ ಎರಡೂ ಬದಿಯ ಫೋಟೊ ತೆಗೆಯಿರಿ, ಕೊಂಡ ರಸೀದಿ ಇದ್ದರೆ ಅದರದ್ದೂ. ಕಾರ್ಡು ಕಳೆದಾಗ ಅಥವಾ ಬಾಕಿ, ಅಂದರೆ ಕಾರ್ಡಿನಲ್ಲಿ ಉಳಿದ ಹಣ, ಸೊನ್ನೆ ತೋರಿಸಿದಾಗ ಕಂಪನಿಯವರು ಮೊದಲು ಕೇಳುವುದು ಕಾರ್ಡ್ ನಂಬರು ಮತ್ತು ರಸೀದಿ. ಆ ಫೋಟೊ ಯಾರಿಗೂ ಕಳಿಸಬೇಡಿ, ಆ ನಂಬರು ಮತ್ತು ಪಿನ್ ಸಿಕ್ಕವರಿಗೆ ಹಣ ಸಿಕ್ಕ ಹಾಗೆಯೇ. ಆಮೇಲೆ ಬಾಕಿ ಪರೀಕ್ಷಿಸಿ, ಕಾರ್ಡಿನ ಹಿಂದೆ ಮುದ್ರಿಸಿರುವ ವಿಳಾಸದಲ್ಲೇ. ಸರ್ಚ್ ಮಾಡಿ ಸಿಕ್ಕ ಯಾವುದೋ ತಾಣದಲ್ಲಿ ನಂಬರು ಹಾಕಬೇಡಿ, ಬಾಕಿ ತೋರಿಸುವ ನೆಪದಲ್ಲಿ ನಂಬರು ಕದಿಯುವ ನಕಲಿ ತಾಣಗಳಿವೆ. ಅಂಗಡಿಯ ಸ್ಟ್ಯಾಂಡಿನಲ್ಲಿ ತೂಗುಹಾಕಿದ ಕಾರ್ಡನ್ನು ಕೊಳ್ಳುವಾಗ ಪಿನ್ ಮೇಲಿನ ಪಟ್ಟಿ ಕೆರೆದಿದೆಯೇ, ಕವರು ಬಿಚ್ಚಿ ಅಂಟಿಸಿದ ಹಾಗಿದೆಯೇ ನೋಡಿ. ಕಳ್ಳರು ಮೊದಲೇ ನಂಬರು ಬರೆದುಕೊಂಡು ಕಾರ್ಡನ್ನು ವಾಪಸ್ ಅಲ್ಲೇ ಇಡುತ್ತಾರೆ, ನೀವು ಹಣ ತುಂಬಿದ ಸ್ವಲ್ಪ ಹೊತ್ತಿಗೆ ಅದನ್ನು ಖಾಲಿ ಮಾಡುತ್ತಾರೆ. ಮುಂದಿನ ಕಾರ್ಡಿನ ಬದಲು ಹಿಂದಿನಿಂದ ಒಂದನ್ನು ಎಳೆದುಕೊಂಡರೆ ಅಪಾಯ ಸ್ವಲ್ಪ ಕಡಿಮೆ, ಪೂರ್ತಿ ಹೋಗುವುದಿಲ್ಲ. ಅಂಗಡಿಯ ತಾಣದಿಂದಲೇ ಇ-ಕಾರ್ಡು ಕೊಂಡರೆ ಈ ತಲೆನೋವು ಇಲ್ಲ.

ಅವಧಿಯ ವಿಷಯ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ 2009ರ ಕಾಯ್ದೆ ಪ್ರಕಾರ ಕನಿಷ್ಠ 5 ವರ್ಷ, ಬಳಸದೆ ಇಟ್ಟಿದ್ದಕ್ಕೆ ಶುಲ್ಕ ಹಾಕುವುದಿದ್ದರೆ ಒಂದು ವರ್ಷ ಬಳಸದೆ ಇದ್ದ ಮೇಲೆಯೇ. ಆಸ್ಟ್ರೇಲಿಯಾದಲ್ಲಿ 2019ರಿಂದ ಕನಿಷ್ಠ 3 ವರ್ಷ, ಐರ್ಲೆಂಡಿನಲ್ಲಿ 5. ಭಾರತದಲ್ಲಿ ರಿಸರ್ವ್ ಬ್ಯಾಂಕಿನ ನಿಯಮಕ್ಕೆ ಒಳಪಡುವ ಪ್ರೀಪೇಡ್ ಕಾರ್ಡುಗಳಿಗೆ ಕನಿಷ್ಠ 1 ವರ್ಷ, ಆದರೆ ಅಂಗಡಿಯು ತನ್ನದೇ ಸಾಮಾನಿಗೆ ಮಾತ್ರ ಕೊಡುವ ಕಾರ್ಡು ಆ ನಿಯಮದ ಒಳಗೆ ಬರುವುದಿಲ್ಲ. ಇಷ್ಟು ಕೊಂಡರೆ ಇಷ್ಟರ ಕಾರ್ಡು ಉಚಿತ ಅಂತ ಕೊಡುತ್ತಾರಲ್ಲ, ಅದರ ಅವಧಿಯನ್ನು ಬೇರೆಯಾಗಿ ಓದಿ. ಹಣ ಕೊಟ್ಟು ಕೊಂಡ ಕಾರ್ಡಿಗಿರುವ ರಕ್ಷಣೆ ಉಚಿತ ಕಾರ್ಡಿಗೆ ಅನೇಕ ಕಡೆ ಇಲ್ಲ, ಕೆಲವೇ ವಾರಗಳಲ್ಲಿ ಮುಗಿಯುವುದೂ ಇದೆ. ಅವಧಿ ಎಷ್ಟೇ ಇರಲಿ, ನನ್ನ ಸಲಹೆ ಒಂದೇ: ಮುಂದಿನ ಸಲ ಆ ಅಂಗಡಿಯಲ್ಲಿ ಕೊಳ್ಳುವಾಗ ಮೊದಲು ಇದನ್ನೇ ಖರ್ಚು ಮಾಡಿ, ನಗದನ್ನು ಉಳಿಸಿಕೊಳ್ಳಿ. ವಿಶೇಷವಾದ್ದಕ್ಕೆ ಇರಲಿ ಅಂತ ಎತ್ತಿಟ್ಟ ಕಾರ್ಡುಗಳೇ ಬಳಕೆಯಾಗದೆ ಉಳಿಯುವುದು. ಎಣ್ಣೆ, ಸಾಬೂನು, ಬಟ್ಟೆ, ಹೇಗೂ ಕೊಳ್ಳಬೇಕಾದ ಯಾವುದಕ್ಕೆ ಹಾಕಿದರೂ ಅದು ಪೂರ್ತಿ ಬೆಲೆಗೆ ನಗದಾದ ಹಾಗೆ.

ಕೊನೆಗೆ ಉಳಿಯುವ ಚೂರು ಬಾಕಿ ಇನ್ನೊಂದು ಕಾಟ. 3 ಉಳಿದಿದೆ, ಅಷ್ಟಕ್ಕೆ ಏನೂ ಬರುವುದಿಲ್ಲ. ಬಿಲ್ಲು ಮಾಡುವಾಗ ಎರಡು ಭಾಗವಾಗಿ ಕಟ್ಟುತ್ತೇನೆ ಅಂತ ಹೇಳಿ, ಕಾರ್ಡಿನಲ್ಲಿ ಇಷ್ಟು, ಉಳಿದದ್ದು ನಗದು. ಮೊತ್ತವನ್ನು ನೀವೇ ಸರಿಯಾಗಿ ಹೇಳಬೇಕು. ಇಲ್ಲದಿದ್ದರೆ ಯಂತ್ರ ಇಡೀ ಬಿಲ್ಲನ್ನು ಕಾರ್ಡಿಗೆ ಹಾಕಲು ಹೋಗಿ ತಿರಸ್ಕರಿಸುತ್ತದೆ. ಆನ್‌ಲೈನಿನಲ್ಲಿ ಎರಡು ಕಾರ್ಡು ಒಟ್ಟಿಗೆ ತೆಗೆದುಕೊಳ್ಳದ ತಾಣಗಳೇ ಜಾಸ್ತಿ. ಅಲ್ಲಿ ಒಂದು ಉಪಾಯ: ಪ್ರೀಪೇಡ್ ಕಾರ್ಡಿನಲ್ಲಿ ಉಳಿದಷ್ಟೇ ಮೊತ್ತಕ್ಕೆ, ನೀವು ಪದೇ ಪದೇ ಕೊಳ್ಳುವ ತಾಣದ ಇ-ಕಾರ್ಡು ಕೊಂಡು ಅದನ್ನು ನಿಮ್ಮ ಖಾತೆಗೆ ಸೇರಿಸಿಬಿಡಿ, ಚೂರು ಪೂರ್ತಿ ಒರೆಸಿದ ಹಾಗಾಗುತ್ತದೆ. ಕ್ಯಾಲಿಫೋರ್ನಿಯಾದಂಥ ಕೆಲವು ಕಡೆ ಸಣ್ಣ ಬಾಕಿಯನ್ನು ನಗದಾಗಿಯೇ ಕೇಳಿ ಪಡೆಯುವ ಹಕ್ಕು ಕಾನೂನಿನಲ್ಲಿದೆ, ಆದರೆ ಕೇಳಬೇಕು, ಅವರಾಗಿ ಕೊಡುವುದಿಲ್ಲ.

ಖಾಲಿಯಾದ ಕಾರ್ಡನ್ನು ಕೂಡಲೇ ಎಸೆಯಬೇಡಿ. ಕೊಂಡ ಸಾಮಾನು ವಾಪಸ್ ಮಾಡಿದರೆ ಹಣ ಸಾಮಾನ್ಯವಾಗಿ ಅದೇ ಕಾರ್ಡಿಗೆ ಹಿಂದಿರುಗುತ್ತದೆ. ವಾಪಸ್ ಮಾಡುವ ಅವಧಿ ಮುಗಿಯುವವರೆಗೆ ಇರಲಿ. ಹೋಟೆಲ್ ರೂಮು, ಬಾಡಿಗೆ ಕಾರು, ಸ್ವಯಂ ಸೇವೆಯ ಪೆಟ್ರೋಲ್ ಪಂಪು, ಇಂಥ ಕಡೆ ಪ್ರೀಪೇಡ್ ಕಾರ್ಡು ಕೊಡದಿರುವುದು ಒಳ್ಳೆಯದು. ನಿಜವಾದ ಬಿಲ್ಲಿಗಿಂತ ದೊಡ್ಡ ಮೊತ್ತವನ್ನು ಅವರು ತಾತ್ಕಾಲಿಕವಾಗಿ ತಡೆಹಿಡಿಯುತ್ತಾರೆ, ಬಾಕಿ ಸಾಲದಿದ್ದರೆ ಕಾರ್ಡು ನಡೆಯುವುದೇ ಇಲ್ಲ, ಸಾಲುವಷ್ಟಿದ್ದರೆ ಆ ಹಣ ಕೆಲವು ದಿನ ಕೈಗೆ ಸಿಗುವುದಿಲ್ಲ.

ಅಂಗಡಿಯೇ ಮುಚ್ಚಿದರೆ? ದಿವಾಳಿಯಾದ ಕಂಪನಿಯ ಹಣ ಹಂಚುವಾಗ ಅಡಮಾನ ಇಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕುಗಳು ಮುಂದೆ ನಿಲ್ಲುತ್ತವೆ, ಕಾರ್ಡು ಹಿಡಿದವರು ಬಹಳ ಹಿಂದೆ. 2011ರಲ್ಲಿ ಅಮೆರಿಕದ ಬಾರ್ಡರ್ಸ್ ಪುಸ್ತಕದಂಗಡಿಗಳು ಮುಚ್ಚಿದಾಗ ಕಾರ್ಡು ಬಳಸದೆ ಇಟ್ಟುಕೊಂಡವರ ಹಣ ಹೋಯಿತು. 2013ರ ಜನವರಿಯಲ್ಲಿ ಬ್ರಿಟನ್ನಿನ ಎಚ್‌ಎಂವಿ ಸಂಗೀತದಂಗಡಿಗಳ ಕಂಪನಿ ಮುಗ್ಗರಿಸಿದಾಗ ಮೊದಲು ಕಾರ್ಡು ಒಪ್ಪುವುದಿಲ್ಲ ಅಂದರು, ಜನ ಗಲಾಟೆ ಮಾಡಿದ ಮೇಲೆ ಕೆಲವು ದಿನಗಳಲ್ಲಿ ಒಪ್ಪಿದರು. ಪ್ರತಿ ಸಲ ಹೀಗೆ ಮನಸ್ಸು ಬದಲಾಗುವುದಿಲ್ಲ. ಒಂದು ಕಂಪನಿ ಕಷ್ಟದಲ್ಲಿದೆ, ಮಳಿಗೆಗಳನ್ನು ಮುಚ್ಚುತ್ತಿದೆ ಅಂತ ಸುದ್ದಿ ಬಂದ ದಿನವೇ ಅದರ ಕಾರ್ಡನ್ನು ಖರ್ಚು ಮಾಡಿ ಮುಗಿಸಿ, ವಾರಾಂತ್ಯಕ್ಕೆ ಕಾಯಬೇಡಿ.

ಬೇಡದ ಕಾರ್ಡನ್ನು ಮಾರುವುದಾದರೆ ಮೊದಲು ಪರಿಚಿತರನ್ನು ಕೇಳಿ. ಆ ಅಂಗಡಿಗೆ ಹೋಗುವ ಗೆಳೆಯರಿಗೆ 100ರದ್ದನ್ನು 90ಕ್ಕೆ ಕೊಟ್ಟರೆ ಇಬ್ಬರಿಗೂ ಲಾಭ. ಕಾರ್ಡು ಕೊಳ್ಳುವ ಮಧ್ಯವರ್ತಿ ತಾಣಗಳು ಇದಕ್ಕಿಂತ ಕಡಿಮೆಯನ್ನೇ ಕೊಡುತ್ತವೆ, ಅಷ್ಟಾದರೂ ಕೊಡುತ್ತವಲ್ಲ. ಅಪರಿಚಿತರಿಂದ ಕೊಳ್ಳುವುದು ಮಾತ್ರ ಬೇಡವೇ ಬೇಡ. ನಂಬರು ಅವರ ಬಳಿಯೂ ಇರುತ್ತದೆ, ನೀವು ಹಣ ಕೊಟ್ಟ ಮೇಲೆ ಅವರೇ ಖರ್ಚು ಮಾಡಿದರೆ ಕೇಳುವವರಿಲ್ಲ.

ಪಾಯಿಂಟು ಮತ್ತು ಮೈಲು

ಇದಕ್ಕೊಂದು ಭಾಗಾಕಾರ ಸಾಕು. ವಿಮಾನದ ಟಿಕೆಟ್ಟಿನ ನಗದು ಬೆಲೆ 300 ಅಂದುಕೊಳ್ಳಿ. ಪಾಯಿಂಟಿನಲ್ಲಾದರೆ 20,000 ಪಾಯಿಂಟು, ಜೊತೆಗೆ ತೆರಿಗೆ 60. ಅಂದರೆ 20,000 ಪಾಯಿಂಟು ಉಳಿಸಿದ್ದು 240, ನೂರು ಪಾಯಿಂಟಿಗೆ 1.2. ಅದೇ ಪಾಯಿಂಟನ್ನು ಮಿಕ್ಸರ್ ಗ್ರೈಂಡರಿಗೋ ಬ್ಯಾಗಿಗೋ ಕೊಟ್ಟರೆ ಎಷ್ಟು ಬರುತ್ತದೆ ಅಂತ ಹೀಗೇ ಭಾಗಿಸಿ ನೋಡಿ, ಸಾಮಾನ್ಯವಾಗಿ ಅರ್ಧಕ್ಕಿಳಿದಿರುತ್ತದೆ. ಆ ಬ್ಯಾಗಿನ ಬೆಲೆಯನ್ನು ಅವರ ಕೆಟಲಾಗಿನಿಂದ ತೆಗೆದುಕೊಳ್ಳಬೇಡಿ, ಹೊರಗಿನ ಅಂಗಡಿಯಲ್ಲಿ ನೋಡಿ. ಪಾಯಿಂಟು ಕೂಡಿಡುವುದು ಉಳಿತಾಯ ಅಲ್ಲ. ಬಡ್ಡಿ ಬರುವುದಿಲ್ಲ, ನಿಯಮ ಬದಲಿಸುವ ಹಕ್ಕು ಪೂರ್ತಿ ಅವರ ಕೈಯಲ್ಲಿದೆ, 20,000ಕ್ಕೆ ಸಿಗುತ್ತಿದ್ದ ಟಿಕೆಟ್ಟು ನಾಳೆ ಬೆಳಗ್ಗೆ 30,000 ಆಗಬಹುದು. ಷರತ್ತು ಓದಿದರೆ ಪಾಯಿಂಟುಗಳು ನಿಮ್ಮ ಆಸ್ತಿಯೇ ಅಲ್ಲ ಅಂತ ಅಲ್ಲೇ ಬರೆದಿರುತ್ತಾರೆ. ಬಂದ ಹಾಗೆ ಖರ್ಚು ಮಾಡಿ. ಪಾಯಿಂಟಿನ ಆಸೆಗೆ ಕ್ರೆಡಿಟ್ ಕಾರ್ಡಿನ ಬಾಕಿ ಉಳಿಸಿಕೊಂಡರಂತೂ ಒಂದು ತಿಂಗಳ ಬಡ್ಡಿಯೇ ಆ ಪಾಯಿಂಟನ್ನೆಲ್ಲ ನುಂಗುತ್ತದೆ.

ಊರಿನವರೇ ಮಾಡಿಕೊಂಡ ಹಣ

ನನಗೆ ಇವುಗಳಲ್ಲೆಲ್ಲ ತುಂಬ ಇಷ್ಟವಾದದ್ದು ಇದು. ಗಿಫ್ಟ್ ಕಾರ್ಡು ಹಣವನ್ನು ಒಂದು ಕಂಪನಿಯೊಳಗೆ ಕಟ್ಟಿಹಾಕುತ್ತದೆ, ಸ್ಥಳೀಯ ಹಣ ಅದನ್ನು ಒಂದು ಊರಿನೊಳಗೆ ಓಡಾಡಿಸುತ್ತದೆ. 1932ರಲ್ಲಿ ಆಸ್ಟ್ರಿಯಾದ ವೋರ್ಗಲ್ ಎಂಬ ಸಣ್ಣ ಊರಿನಲ್ಲಿ ಕೆಲಸ ಇಲ್ಲ, ಜನರ ಕೈಯಲ್ಲಿ ದುಡ್ಡಿಲ್ಲ. ಮೇಯರ್ ಮಿಖಾಯೆಲ್ ಉಂಟರ್‌ಗುಗ್ಗೆನ್‌ಬೆರ್ಗರ್ ಊರಿನದೇ ನೋಟು ತಂದರು. ಅದನ್ನು ಚಾಲ್ತಿಯಲ್ಲಿಡಬೇಕಾದರೆ ತಿಂಗಳಿಗೊಮ್ಮೆ ಅದರ ಬೆಲೆಯ ಶೇ. 1ರಷ್ಟು ಸ್ಟ್ಯಾಂಪು ಅಂಟಿಸಬೇಕಿತ್ತು. ಇಟ್ಟುಕೊಂಡಷ್ಟೂ ನಷ್ಟ ಆದ್ದರಿಂದ ಯಾರೂ ಇಟ್ಟುಕೊಳ್ಳಲಿಲ್ಲ, ನೋಟು ಕೈಯಿಂದ ಕೈಗೆ ಓಡಿತು, ಆ ಹಣದಲ್ಲಿ ರಸ್ತೆ, ಸೇತುವೆ ಕೆಲಸ ನಡೆಯಿತು. ಮರುವರ್ಷ ಕೇಂದ್ರ ಬ್ಯಾಂಕು ತಡೆದು ನಿಲ್ಲಿಸಿತು.

ಅಲ್ಲಿಂದ ಈಚೆಗೆ ಬಗೆಬಗೆಯವು ಬಂದಿವೆ. ಸ್ವಿಟ್ಜರ್ಲೆಂಡಿನಲ್ಲಿ 1934ರಲ್ಲಿ ಶುರುವಾದ ವಿರ್ ಸಣ್ಣ ವ್ಯಾಪಾರಿಗಳ ನಡುವಿನ ಹಣ, ಒಂದು ವಿರ್ ಒಂದು ಫ್ರಾಂಕಿಗೆ ಸಮ, ಆದರೆ ಅದನ್ನು ನಡೆಸುವ ಬ್ಯಾಂಕು ಅದನ್ನು ಫ್ರಾಂಕಿಗೆ ಬದಲಿಸಿ ಕೊಡುವುದಿಲ್ಲ. ಜರ್ಮನಿಯಲ್ಲಿ 2003ರಲ್ಲಿ ಶಾಲಾ ಮಕ್ಕಳ ಯೋಜನೆಯಾಗಿ ಹುಟ್ಟಿದ ಕೀಮ್‌ಗಾವರ್ ಯೂರೊಗೆ ಬದಲಾಗುತ್ತದೆ, ಬದಲಿಸುವ ವ್ಯಾಪಾರಿ ಶೇ. 5 ಬಿಟ್ಟುಕೊಡಬೇಕು, ಅದರಲ್ಲಿ ಹೆಚ್ಚಿನ ಪಾಲು ಊರಿನ ಸಂಘಸಂಸ್ಥೆಗಳಿಗೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ 2012ರಲ್ಲಿ ಬಂದ ಬ್ರಿಸ್ಟಲ್ ಪೌಂಡಿನಲ್ಲಿ ಅಲ್ಲಿನ ಮೇಯರ್ ಜಾರ್ಜ್ ಫರ್ಗುಸನ್ ತಮ್ಮ ಇಡೀ ಸಂಬಳ ಪಡೆದರು, ಊರಿನ ತೆರಿಗೆಯನ್ನೂ ಅದರಲ್ಲಿ ಕಟ್ಟಬಹುದಿತ್ತು. ಅದು ಈಗ ಇಲ್ಲ. ಇಷ್ಟು ಬೆಂಬಲ ಇದ್ದದ್ದೂ ನಿಲ್ಲಬಹುದು ಅನ್ನುವುದನ್ನು ನೆನಪಿಡಬೇಕು.

ನಿಮ್ಮೂರಿನಲ್ಲಿ ಇಂಥದ್ದು ಇದ್ದರೆ ಸೇರಿ, ಆದರೆ ತಿಂಗಳಲ್ಲಿ ಖರ್ಚಾಗುವಷ್ಟೇ ಬದಲಿಸಿಕೊಳ್ಳಿ. ನೀವು ವ್ಯಾಪಾರಿಯಾದರೆ ಇನ್ನೂ ಜಾಗ್ರತೆ ಬೇಕು. ಗಿರಾಕಿಗಳಿಂದ ಬಂದ ಸ್ಥಳೀಯ ಹಣವನ್ನು ನಿಮಗೆ ಸಾಮಾನು ಕೊಡುವವರು, ಬಾಡಿಗೆ ಕೇಳುವವರು, ಕೆಲಸದವರು ತೆಗೆದುಕೊಳ್ಳುತ್ತಾರೆಯೇ ಅಂತ ಮೊದಲು ವಿಚಾರಿಸಿ. ಅವರು ಬೇಡ ಅಂದರೆ ಆ ಹಣವೆಲ್ಲ ನಿಮ್ಮ ಗಲ್ಲಾಪೆಟ್ಟಿಗೆಯಲ್ಲೇ ಕೊನೆಯಾಗುತ್ತದೆ. ಹಾಗಾಗಿ ಒಂದು ಬಿಲ್ಲಿನಲ್ಲಿ ಇಷ್ಟು ಪಾಲು ಮಾತ್ರ ಅಂತ ಮಿತಿ ಹಾಕಿಕೊಳ್ಳಿ. ಇನ್ನೊಂದು, ಬೇರೆ ಹಣದಲ್ಲಿ ಬಂದ ಆದಾಯಕ್ಕೆ ತೆರಿಗೆ ಇಲ್ಲ ಅಂತ ತಿಳಿಯಬೇಡಿ. ಸಾಮಾನಿಗೆ ಸಾಮಾನು ಬದಲಿಸಿದರೂ ಅದರ ನಗದು ಬೆಲೆಯನ್ನು ಆದಾಯವೆಂದು ತೋರಿಸಬೇಕಾದ ದೇಶಗಳಿವೆ, ತೆರಿಗೆ ಕಟ್ಟಬೇಕಾದ್ದು ಮಾತ್ರ ಮಾಮೂಲಿ ಹಣದಲ್ಲೇ.

ಗಂಟೆ ಲೆಕ್ಕದ ಟೈಮ್ ಬ್ಯಾಂಕುಗಳದ್ದು ಬೇರೆಯೇ ಗುಣ. ನೀವು ಒಂದು ಗಂಟೆ ಒಬ್ಬರ ತೋಟದಲ್ಲಿ ದುಡಿದರೆ ಇನ್ನೊಬ್ಬರಿಂದ ಒಂದು ಗಂಟೆ ಪಾಠ ಹೇಳಿಸಿಕೊಳ್ಳಬಹುದು, ಎಲ್ಲರ ಗಂಟೆಯೂ ಸಮ. ಇದನ್ನು ನಗದಿನ ಎದುರು ತೂಗಬೇಡಿ, ನೆರೆಹೊರೆಯವರ ಪರಿಚಯ ಆಗುವುದೇ ಅದರ ದೊಡ್ಡ ಲಾಭ. ತುಂಬ ಗಂಟೆ ಕೂಡಿಹಾಕಬೇಡಿ ಅಷ್ಟೆ.

ಫೋನಿನ ಹಣ, ಕ್ರಿಪ್ಟೊ

ಫೋನಿನಲ್ಲೇ ಹಣ ಕಳಿಸುವ ಸೇವೆಯಾಗಿ ಕೀನ್ಯಾದಲ್ಲಿ 2007ರಲ್ಲಿ ಶುರುವಾದ ಎಂ-ಪೇಸಾ ಯಾಕೆ ಗೆದ್ದಿತು ಅಂದರೆ ಫೋನಿನ ಹಣವನ್ನು ನೋಟು ಮಾಡಿಕೊಡುವ ಏಜೆಂಟರು ಮೂಲೆಮೂಲೆಯಲ್ಲಿ ಸಿಗುತ್ತಿದ್ದರು. ಹೊರಬರುವ ಬಾಗಿಲು ಹತ್ತಿರ ಇದ್ದದ್ದರಿಂದ ಜನ ಧೈರ್ಯವಾಗಿ ಒಳಗೆ ಹೋದರು. ನಿಮ್ಮ ಫೋನಿನ ವಾಲೆಟ್ಟಿನಲ್ಲೂ ಇದನ್ನೇ ನೋಡಿ: ಬ್ಯಾಂಕ್ ಖಾತೆಗೆ ವಾಪಸ್ ಕಳಿಸಬಹುದೇ, ಶುಲ್ಕ ಎಷ್ಟು? ಕ್ಯಾಶ್‌ಬ್ಯಾಕ್ ಅಂತ ಬಂದದ್ದನ್ನು ಆ ಆ್ಯಪಿನೊಳಗೇ ಖರ್ಚು ಮಾಡಬೇಕಾದರೆ ಅದು ಕ್ಯಾಶ್ ಅಲ್ಲ, ಕೂಪನ್.

ಕ್ರಿಪ್ಟೊ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ನಗದಿನ ಬದಲಿಗೆ ಅದನ್ನು ಇಟ್ಟುಕೊಳ್ಳುವವರಿಗಷ್ಟೇ. ಬಿಟ್‌ಕಾಯಿನ್ 2021ರ ನವೆಂಬರಿನಲ್ಲಿ 69,000 ಡಾಲರಿನ ಹತ್ತಿರ ಇತ್ತು, ಒಂದು ವರ್ಷದ ಮೇಲೆ 16,000ದ ಆಸುಪಾಸು. ಮುಂದಿನ ತಿಂಗಳ ಬಾಡಿಗೆ ಹಣವನ್ನು ಇಂಥದ್ದರಲ್ಲಿ ಇಡುವ ಹಾಗಿಲ್ಲ. ಒಂದು ಡಾಲರಿಗೆ ಸದಾ ಸಮ ಅಂತ ಹೇಳಿಕೊಂಡ ಟೆರಾಯುಎಸ್‌ಡಿ ಎಂಬ ಕ್ರಿಪ್ಟೊ ನಾಣ್ಯ 2022ರ ಮೇ ತಿಂಗಳಲ್ಲಿ ಕೆಲವೇ ದಿನಗಳಲ್ಲಿ ಕುಸಿಯಿತು. ಆದ್ದರಿಂದ ಇಂಥ ನಾಣ್ಯಗಳಿಗಿರುವ ಸ್ಟೇಬಲ್‌ಕಾಯಿನ್ (ಬೆಲೆ ಅಲುಗದ ನಾಣ್ಯ) ಅನ್ನುವ ಹೆಸರು ನಂಬದೆ, ಅದರ ಹಿಂದೆ ನಿಜವಾದ ಡಾಲರುಗಳು ಇವೆಯೇ, ಎಲ್ಲಿವೆ ಅಂತ ಕೇಳಿ. ತಪ್ಪು ವಿಳಾಸಕ್ಕೆ ಕಳಿಸಿದರೆ ವಾಪಸ್ ಇಲ್ಲ, ಕೀ, ಅಂದರೆ ಅದನ್ನು ತೆರೆಯುವ ಗುಟ್ಟಿನ ಸಂಕೇತ, ಕಳೆದರೆ ಹಣವೂ ಇಲ್ಲ.

ಉಡುಗೊರೆ ಕೊಡುವಾಗ

ನಗದು ಕೊಡಲು ಸಂಕೋಚ ಅಂತ ಕಾರ್ಡು ಕೊಡುವವರಿಗೆ ನನ್ನದೊಂದು ಕೋರಿಕೆ. ನಗದು ಕೊಡಿ. ಕವರಿನಲ್ಲಿ ಹಾಕಿ, ಜೊತೆಗೆ ಕೈಯಾರೆ ಎರಡು ಸಾಲು ಬರೆಯಿರಿ. ಪಡೆದವರಿಗೆ ಏನು ಬೇಕೋ ಅದಕ್ಕಾಗುತ್ತದೆ, ಸಾಲ ಇದ್ದರೆ ಸಾಲಕ್ಕೂ ಆಗುತ್ತದೆ. ಕಾರ್ಡೇ ಸರಿ ಅನ್ನಿಸುವ ಸಂದರ್ಭಗಳೂ ಇವೆ. ದೂರದ ಊರಿಗೆ ಇವತ್ತೇ ತಲುಪಬೇಕು, ಪುಸ್ತಕವೇ ಕೊಳ್ಳಲಿ ಅನ್ನುವ ಆಸೆ ಇದೆ, ಅಥವಾ ಆನ್‌ಲೈನ್ ಆಟಕ್ಕೆ ಮಕ್ಕಳ ಕೈಗೆ ಬ್ಯಾಂಕ್ ಕಾರ್ಡು ಕೊಡುವುದು ಬೇಡ, ಕಳೆದರೆ ಇಷ್ಟೇ ಕಳೆಯಲಿ ಅನ್ನುವ ಮಿತಿ ಬೇಕು. ಆಗ ಕೊಡಿ, ಅವರು ಆಗಲೇ ಹೋಗುವ ಅಂಗಡಿಯದನ್ನೇ ಕೊಡಿ, ರಸೀದಿಯನ್ನೂ ಜೊತೆಗಿಡಿ.

ಯಾರಾದರೂ ಕಾರ್ಡಿನಲ್ಲೇ ಹಣ ಕಟ್ಟಿ ಅಂದರೆ

ಫೋನು ಬರುತ್ತದೆ. ತೆರಿಗೆ ಬಾಕಿ ಇದೆ, ಕರೆಂಟ್ ಕಟ್ ಮಾಡುತ್ತೇವೆ, ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಮಗ ಪೊಲೀಸರ ಕೈಗೆ ಸಿಕ್ಕಿದ್ದಾನೆ. ಇಲ್ಲವೇ ಆಫೀಸಿನ ಮೇಲಧಿಕಾರಿಯ ಹೆಸರಲ್ಲಿ ಮೆಸೇಜು: ಮೀಟಿಂಗಿನಲ್ಲಿದ್ದೇನೆ, ತುರ್ತಾಗಿ ಗಿಫ್ಟ್ ಕಾರ್ಡು ಕೊಂಡು ನಂಬರು ಕಳಿಸಿ. ಕಳ್ಳರಿಗೆ ಗಿಫ್ಟ್ ಕಾರ್ಡು ಯಾಕೆ ಇಷ್ಟ ಅಂದರೆ, ನಂಬರು ಓದಿ ಹೇಳಿದ ಕ್ಷಣದಲ್ಲಿ ಹಣ ಗಡಿ ದಾಟುತ್ತದೆ, ನಗದಿನ ಹಾಗೆಯೇ ಒಮ್ಮೆ ಹೋದರೆ ಹಿಂದಕ್ಕೆ ಬರುವುದಿಲ್ಲ, ಆದರೆ ನಗದಿನ ಹಾಗೆ ಎದುರಿಗೆ ಬಂದು ಪಡೆಯಬೇಕಾಗಿಲ್ಲ. ಯಾವ ಸರ್ಕಾರಿ ಇಲಾಖೆಯೂ, ಯಾವ ಬ್ಯಾಂಕೂ ಗಿಫ್ಟ್ ಕಾರ್ಡಿನಲ್ಲಿ ಹಣ ಕಟ್ಟಿಸಿಕೊಳ್ಳುವುದಿಲ್ಲ. ಮಾತು ಮುಂದುವರಿಸದೆ ಫೋನ್ ಇಡಿ, ನಿಮ್ಮ ಬಳಿ ಮೊದಲಿಂದ ಇರುವ ನಂಬರಿಗೆ ನೀವೇ ಕರೆ ಮಾಡಿ ವಿಚಾರಿಸಿ. ಮನೆಯ ಹಿರಿಯರಿಗೆ ಇದನ್ನು ಒಮ್ಮೆ ಕೂತು ಹೇಳಿ. ಆಗಲೇ ನಂಬರು ಕೊಟ್ಟಾಗಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ, ಆ ಗಳಿಗೆಯಲ್ಲೇ ಕಾರ್ಡು ಕೊಟ್ಟ ಕಂಪನಿಗೆ ಕರೆ ಮಾಡಿ ಬಾಕಿಯನ್ನು ತಡೆಹಿಡಿಯಲು ಹೇಳಿ, ಕಾರ್ಡು ಮತ್ತು ರಸೀದಿ ಎರಡನ್ನೂ ಇಟ್ಟುಕೊಂಡು ಪೊಲೀಸರಿಗೆ ದೂರು ಕೊಡಿ. ಹಣ ಇನ್ನೂ ಖರ್ಚಾಗಿಲ್ಲದಿದ್ದರೆ ಉಳಿಯುವ ಸಾಧ್ಯತೆ ಇದೆ, ಆದರೆ ಆ ಸಾಧ್ಯತೆ ಇರುವುದು ಮೊದಲ ಕೆಲವು ನಿಮಿಷಗಳಲ್ಲಿ.